ಬರೆಯುವವರ ಪ್ರಶ್ನೋತ್ತರ: ಮೂರು ಕಾದಂಬರಿ ಒಟ್ಟಿಗೆ ಬರೆಯಬಹುದೇ?

ಪ್ರಶ್ನೆ: ಫ್ಯಾಂಟಸಿ ಕಾದಂಬರಿಕಾರ ಆಗಬೇಕೆಂಬ ಆಸೆ. ಮೂರನ್ನು ಶುರು ಮಾಡಿದ್ದೇನೆ. ಒಂದು 22 ಸಾವಿರ ಪದಕ್ಕೆ ನಿಂತಿದೆ, ಇನ್ನೊಂದು 18 ಸಾವಿರಕ್ಕೆ. ಮೂರನೆಯದು ಬರೀ ನಕ್ಷೆ ಮತ್ತು ರಾಜರ ವಂಶಾವಳಿ. ದಿನಕ್ಕೆ ಒಂದು ಗಂಟೆ ಬಿಡುವು, ಸುಮಾರು 500 ಪದ ಆಗುತ್ತದೆ. ಮೂರನ್ನೂ ಸರದಿಯ ಮೇಲೆ ಬರೆಯಲೇ, ಎರಡನ್ನು ಕೈಬಿಡಲೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಎರಡೂ ಬೇಡ. ಮೊದಲು ಲೆಕ್ಕ ಹಾಕಿ. ಗುರಿ 60 ಸಾವಿರ ಪದ ಎನ್ನಿ, ಕಾದಂಬರಿಗಳ ಸಾಮಾನ್ಯ ಗಾತ್ರವಾದ ಡೆಮಿ ಅಳತೆಯಲ್ಲಿ ಹೆಚ್ಚುಕಡಿಮೆ 270 ಪುಟದ ಪುಸ್ತಕ. ಮೊದಲನೆಯದಕ್ಕೆ ಇನ್ನು 38 ಸಾವಿರ ಬೇಕು. ವಾರಕ್ಕೆ ಐದು ದಿನ ಕೂತರೆ 2,500 ಪದ, ಅಂದರೆ 15–16 ವಾರದ ಕೆಲಸ. ಮೂರಕ್ಕೂ ಹಂಚಿದರೆ ಅದೇ ಪುಸ್ತಕಕ್ಕೆ 46 ವಾರ. ಎರಡು ವಾರ ಬಿಟ್ಟು ಮರಳಿದಾಗಲೆಲ್ಲ ಹಿಂದಿನ ಇಪ್ಪತ್ತು ಪುಟ ಓದಿಕೊಳ್ಳಬೇಕು, ಆ ಹೊತ್ತು ಇದರಲ್ಲಿ ಸೇರಿಲ್ಲ.

ಆದ್ದರಿಂದ ಒಂದನ್ನು ಬರೆಯಿರಿ, ಎರಡನ್ನು ಕಟ್ಟಿಡಿ. ಯಾವುದನ್ನು ಬರೆಯುವುದು? ಹೆಚ್ಚು ಇಷ್ಟವಾದದ್ದನ್ನಲ್ಲ, ಮುಕ್ತಾಯವನ್ನು ಎರಡು ವಾಕ್ಯದಲ್ಲಿ ಹೇಳಲು ಬರುವುದನ್ನು.

ನಿಮ್ಮ ಎರಡೂ ಕಾದಂಬರಿ ಮೂರನೇ ಒಂದು ಭಾಗದ ಆಸುಪಾಸಿನಲ್ಲೇ ನಿಂತಿವೆ, ಗಮನಿಸಿದಿರಾ? ಅಲ್ಲಿಗೆ ಪೀಠಿಕೆ ಮುಗಿದಿರುತ್ತದೆ. ನಾಯಕ ಊರು ಬಿಟ್ಟಿದ್ದಾನೆ, ಮಾಯೆಯ ಬೆರಗನ್ನೆಲ್ಲ ತೋರಿಸಿ ಆಗಿದೆ. ಇನ್ನು ಮಾಯೆ ತನ್ನ ಬೆಲೆ ಕೇಳಬೇಕು. ಅದನ್ನು ಯೋಚಿಸಿರದಿದ್ದರೆ ಹೊಸ ಕತೆಯೇ ಚೆಂದ ಕಾಣುತ್ತದೆ. ಮಂತ್ರದಿಂದ ಗಾಯ ಮಾಯುವುದಾದರೆ 20ನೇ ಅಧ್ಯಾಯದಲ್ಲಿ ರಾಜ ಸಾಯುವುದೇಕೆ? ಮಾಯೆಯಿಂದ ಏನೇನು ಆಗುವುದಿಲ್ಲ, ಬಳಸಿದವನು ಏನು ಕಳೆದುಕೊಳ್ಳುತ್ತಾನೆ ಎಂಬುದನ್ನು ಐದು ಸಾಲಿನಲ್ಲಿ ಬರೆದುಕೊಳ್ಳಿ. ಆಮೇಲೆ 40 ಸಾವಿರದವರೆಗಿನ ಹತ್ತು ದೃಶ್ಯಗಳಿಗೆ ತಲಾ ಒಂದು ಸಾಲು. ಇಷ್ಟು ಮಾಡದೆ ಮುಂದಿನ ಅಧ್ಯಾಯಕ್ಕೆ ಕೈಹಾಕಬೇಡಿ.

ಕಟ್ಟಿಡುವುದಕ್ಕೂ ಕ್ರಮವಿದೆ. ಒಂದೊಂದಕ್ಕೆ ಒಂದು ಪುಟ ಸಾಕು: ಕೊನೆಯ ದೃಶ್ಯ ಎಲ್ಲಿ ನಿಂತಿದೆ, ಮುಂದಿನ ಮೂರು ದೃಶ್ಯ ಯಾವುವು, ಯಾರಿಗೆ ಯಾವ ಗುಟ್ಟು ಗೊತ್ತು, ಇನ್ನೂ ತೀರ್ಮಾನವಾಗದ್ದು ಏನು. ಆರು ತಿಂಗಳ ಮೇಲೆ ಕೈಕೊಡುವುದು ಆ ಗುಟ್ಟುಗಳೇ. ಹೊಸ ಯೋಚನೆ ಬಂದರೆ ದಿನದ 500 ಪದ ಮುಗಿಸಿ, ಹತ್ತು ನಿಮಿಷ ಟಿಪ್ಪಣಿ ಮಾಡಿಕೊಳ್ಳಿ. ಆ ಹೊಸ ಕತೆಯ ದೃಶ್ಯ ಬರೆಯಲು ಮಾತ್ರ ಕೂರಬೇಡಿ.

ಒಂದರ ಮೊದಲ ಕರಡು, ಇನ್ನೊಂದರ ತಿದ್ದುಪಡಿ ಜೊತೆಜೊತೆಗೆ ನಡೆದೀತು, ಎರಡಕ್ಕೂ ಬೇರೆ ಬೇರೆ ಹೊತ್ತು ಇಟ್ಟುಕೊಂಡರೆ. ಎರಡು ಮೊದಲ ಕರಡು ಒಟ್ಟಿಗೆ ಬೇಡ. ಇಬ್ಬರು ನಾಯಕರೂ ಒಂದೇ ಥರ ಮಾತಾಡತೊಡಗುತ್ತಾರೆ.

ಪ್ರಶ್ನೆ: ನನ್ನ ಎರಡು ಕಾದಂಬರಿಗಳು ಒಂದೇ ಲೋಕದಲ್ಲಿ ನಡೆಯುತ್ತವೆ. ವಜ್ರಸೇನ ಎಂಬ ರಾಜನ ಹೆಸರನ್ನು ಕಂಪ್ಯೂಟರಿನಲ್ಲಿ ಒಂದೇ ಸಲಕ್ಕೆ ವಜ್ರಬಾಹು ಎಂದು ಬದಲಿಸಿದೆ. ಈಗ ಎಲ್ಲೆಲ್ಲೂ ತಪ್ಪು.
– ಓದುಗರು, ಪುತ್ತೂರು

ಉತ್ತರ: ‘ವಜ್ರಸೇನನಿಗೆ’ ಹೋಗಿ ‘ವಜ್ರಬಾಹುನಿಗೆ’ ಆಗಿರುತ್ತದೆ, ಆಗಬೇಕಾದ್ದು ‘ವಜ್ರಬಾಹುವಿಗೆ’. ಅಕಾರಾಂತ ಗಂಡು ಹೆಸರಿಗೆ ಅಕಾರಾಂತ ಗಂಡು ಹೆಸರನ್ನೇ ಹಾಕಿ, ರುದ್ರಸಿಂಹ ಆದರೆ ವಿಭಕ್ತಿ ಕೆಡುವುದಿಲ್ಲ. ಹೆಣ್ಣು ಹೆಸರಿನಲ್ಲಿ ಮಾಲಿನಿಯ ಜಾಗಕ್ಕೆ ಕೇತಕಿ, ಚಂದ್ರಿಕೆ ಎರಡೂ ಸರಿ. ಪುಟ್ಟ ಹೆಸರುಗಳಲ್ಲಿ ಇನ್ನೂ ಎಚ್ಚರ ಬೇಕು: ‘ಮಣಿ’ಯನ್ನು ‘ಕೇತಕಿ’ ಮಾಡಿದರೆ ಸೈನಿಕನ ಮಣಿಕಟ್ಟು ಕೇತಕಿಕಟ್ಟಾಗುತ್ತದೆ! ಎಲ್ಲವನ್ನೂ ಒಟ್ಟಿಗೆ ಬದಲಿಸದೆ ಒಂದೊಂದೇ ನೋಡಿ ಒಪ್ಪಿ. ಹಳೆಯ ನುಡಿ ಫಾಂಟಿನ ಅಧ್ಯಾಯಗಳಿದ್ದರೆ ಮೊದಲು ಯುನಿಕೋಡಿಗೆ ತನ್ನಿ, ಇಲ್ಲದಿದ್ದರೆ ಹುಡುಕಾಟಕ್ಕೆ ಅವು ಸಿಕ್ಕುವುದೇ ಇಲ್ಲ.

ಒಂದೇ ಲೋಕ ಅಂದಮೇಲೆ ಎರಡು ಕಾದಂಬರಿಗೂ ಸೇರಿ ಒಂದೇ ದಾಖಲೆ ಪುಸ್ತಕ ಇರಲಿ: ಹೆಸರು, ವಯಸ್ಸು, ದೂರ, ತಿಥಿ. ಎತ್ತಿನ ಗಾಡಿ ದಿನಕ್ಕೆ 20–25 ಕಿಲೋಮೀಟರ್ ಹೋದೀತು. ಶುಕ್ಲ ಬಿದಿಗೆಯ ಚಂದ್ರ ಸಂಜೆಗೇ ಮುಳುಗುತ್ತಾನೆ, ಅವನನ್ನು ನಡುರಾತ್ರಿ ತೋರಿಸಬೇಡಿ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕಿನ್ ಅವರಿಗೂ ಚಂದ್ರ ಕಾಟ ಕೊಟ್ಟಿದ್ದಾನೆ. ತಮ್ಮ ಕತೆಯಲ್ಲಿ ಅವನು ಒಂದು ಕಡೆ ಹುಟ್ಟುವ ಹೊತ್ತಿಗೇ ಇನ್ನೊಂದು ಕಡೆ ಮುಳುಗುತ್ತಿದ್ದಾನೆ ಎಂದು 1944ರಲ್ಲಿ ಮಗನಿಗೆ ಪತ್ರ ಬರೆದಿದ್ದರು. ಅದನ್ನು ಸರಿಪಡಿಸಲು ಅಧ್ಯಾಯಗಳನ್ನೇ ತಿದ್ದಬೇಕಾಯಿತು.

ಪ್ರಶ್ನೆ: ಮೂರು ಭಾಗದ ಸರಣಿ ಎಂದು ಪ್ರಕಾಶಕರಿಗೆ ಮೊದಲೇ ಹೇಳಬೇಕೇ?
– ಓದುಗರು, ಧಾರವಾಡ

ಉತ್ತರ: ಹೇಳಿ, ಪತ್ರದಲ್ಲಿ ಒಂದು ಸಾಲು ಸಾಕು. ಆದರೆ ಮೊದಲ ಭಾಗದ ಹಸ್ತಪ್ರತಿ ಪೂರ್ತಿ ಇರಬೇಕು, ಅದರ ಮುಖ್ಯ ಜಗಳ ಅದರಲ್ಲೇ ತೀರಬೇಕು. ಎರಡನೆಯದರ ಸಾರಾಂಶ ಒಂದು ಪುಟ ಕಳಿಸಿ. ನಕ್ಷೆ ಕೇಳಿದರೆ ಕೊಡಿ.