ಸಿಮೆಂಟ್ ಕಂಪನಿ "ಕಾರ್ಬನ್ 8% ಇಳಿಸಿದ್ದೇವೆ" ಅಂದರೆ ನಂಬಬಹುದಾ?

ನೀವು ಕೇಳಿದ್ದು ಇಷ್ಟು: ಷೇರು ಕೊಳ್ಳೋಣ ಅಂತಿರುವ ಸಿಮೆಂಟ್ ಕಂಪನಿಯ ವರದಿಯಲ್ಲಿ ಕಾರ್ಬನ್ 8% ಇಳಿದಿದೆ ಅಂತ ಬರೆದಿದ್ದಾರೆ, ಮುಖಪುಟದಲ್ಲಿ ಸೋಲಾರ್ ಫೋಟೋ ಬೇರೆ ಇದೆ, ನಂಬಬಹುದಾ?

ಸಂಖ್ಯೆ ಸುಳ್ಳಿರಲಿಕ್ಕಿಲ್ಲ. ಆದರೆ ಯಾವುದರಿಂದ ಭಾಗಿಸಿ ಆ 8% ತಂದರು ಅಂತ ನೋಡಬೇಕು. ನಾನು ಕೆಲವು ವರ್ಷ ಕಲಬುರಗಿ ಕಡೆಯ ಸಿಮೆಂಟ್ ಫ್ಯಾಕ್ಟರಿಗಳಲ್ಲಿ ಎನರ್ಜಿ ಆಡಿಟ್ ಮಾಡಿದವನು. ಆ ಅನುಭವದ ಮೇಲೆ ಹೇಳುತ್ತೇನೆ.

ಸೋಲಾರ್ ಫೋಟೋ ಪಕ್ಕಕ್ಕಿಡಿ. ಸಿಮೆಂಟಿನ ಕಾರ್ಬನ್ನಿನಲ್ಲಿ ಕರೆಂಟಿನ ಪಾಲು ಸಣ್ಣದು. ದೊಡ್ಡ ಪಾಲು ಸುಣ್ಣದಕಲ್ಲಿನದೇ. ಸೇಡಂ, ವಾಡಿ ಕಡೆ ಇಷ್ಟು ಫ್ಯಾಕ್ಟರಿ ಎದ್ದಿದ್ದೇ ಆ ಕಲ್ಲಿಗಾಗಿ ಅಲ್ವಾ. ಶುದ್ಧ ಸುಣ್ಣದಕಲ್ಲು 100 ಕೆಜಿ ಸುಟ್ಟರೆ 44 ಕೆಜಿ ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಇದು ಉರುವಲಿನ ಹೊಗೆ ಅಲ್ಲ, ಕಲ್ಲಿನೊಳಗೇ ಇದ್ದದ್ದು. ಒಂದು ಟನ್ ಕ್ಲಿಂಕರ್ (ಕಲ್ಲು ಸುಟ್ಟು ಬರುವ ಗಟ್ಟಿ ಉಂಡೆ, ಇದನ್ನು ಅರೆದೇ ಸಿಮೆಂಟ್) ಮಾಡಿದರೆ ಹೀಗೆ ಸುಮಾರು ಅರ್ಧ ಟನ್ ಹೊರಬೀಳುತ್ತದೆ. ಕಿಲ್ನ್, ಅಂದರೆ ಕಲ್ಲು ಸುಡುವ ಕುಲುಮೆಯ ಒಳಗೆ ಸರಕು ಸುಮಾರು 1450 ಡಿಗ್ರಿಗೆ ಕಾಯಬೇಕು. ಅದಕ್ಕೆ ಉರಿಸುವ ಕಲ್ಲಿದ್ದಲು, ಪೆಟ್‌ಕೋಕ್ (ತೈಲ ಶುದ್ಧೀಕರಣದಲ್ಲಿ ಉಳಿಯುವ ಇಂಧನ) ಲೆಕ್ಕ ಬೇರೆ. ಎಷ್ಟು ಎಕರೆ ಸೋಲಾರ್ ಹಾಸಿದರೂ ಆ ಅರ್ಧ ಟನ್ ಅಲ್ಲಾಡುವುದಿಲ್ಲ.

ಅದಕ್ಕೇ ವರದಿ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಕ್ಲಿಂಕರ್ ಫ್ಯಾಕ್ಟರ್. ಅಂದರೆ ಒಂದು ಟನ್ ಸಿಮೆಂಟಿನಲ್ಲಿ ಕ್ಲಿಂಕರ್ ಎಷ್ಟು ಅಂತ. ಒಪಿಸಿಯಲ್ಲಿ, ಅಂದರೆ ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟಿನಲ್ಲಿ, 90%ಗಿಂತ ಜಾಸ್ತಿ. ಪಿಪಿಸಿಯಲ್ಲಿ, ಅಂದರೆ ಬೂದಿ ಬೆರೆಸಿದ ಸಿಮೆಂಟಿನಲ್ಲಿ, ಕ್ಲಿಂಕರ್ ಬದಲು 35% ವರೆಗೆ ಹಾರುಬೂದಿ (ಕಲ್ಲಿದ್ದಲು ವಿದ್ಯುತ್ ಸ್ಥಾವರದ ಬೂದಿ) ಬೆರೆಸಬಹುದು. ಉಕ್ಕಿನ ಕಾರ್ಖಾನೆಯಲ್ಲಿ ಉಳಿಯುವ ಕಿಟ್ಟ, ಅಂದರೆ ಸ್ಲ್ಯಾಗ್ ಆದರೆ 70% ವರೆಗೂ ನಡೆಯುತ್ತದೆ. ಬೂದಿ ಅಂದರೆ ಕಲಬೆರಕೆ ಅಂತ ಮೂಗು ಮುರಿಯುವ ಮೇಸ್ತ್ರಿಗಳು ಇನ್ನೂ ಇದ್ದಾರೆ, ಅದು ಬೇರೆ ಕಥೆ. ಈ ಫ್ಯಾಕ್ಟರ್ ವರ್ಷವರ್ಷಕ್ಕೆ ಇಳಿಯುತ್ತಿದ್ದರೆ ಕಂಪನಿ ನಿಜವಾಗಿ ಏನೋ ಮಾಡುತ್ತಿದೆ.

ಇನ್ನು ಭಾಗಾಕಾರ. ಷೇರುಪೇಟೆ ನಿಯಂತ್ರಕ ಸೆಬಿಯ ಬಿಆರ್‌ಎಸ್‌ಆರ್ ವರದಿ (ಕಂಪನಿ ಪರಿಸರ, ಸಮಾಜದ ಲೆಕ್ಕ ಒಪ್ಪಿಸುವ ವರದಿ) 2022-23ರಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಲಿಸ್ಟೆಡ್ ಕಂಪನಿಗಳಿಗೆ ಕಡ್ಡಾಯ. ಅದರಲ್ಲಿ ಒಂದು ರೂಪಾಯಿ ವಹಿವಾಟಿಗೆ ಎಷ್ಟು ಕಾರ್ಬನ್ ಅನ್ನುವ ಸಾಲಿದೆ. ಚೀಲದ ಬೆಲೆ ಏರಿತು ಅಂದುಕೊಳ್ಳಿ. ವಹಿವಾಟು ಉಬ್ಬುತ್ತದೆ, ಆ ಸಾಲಿನ ಸಂಖ್ಯೆ ತಾನಾಗೇ ಇಳಿಯುತ್ತದೆ. ಪಾಪ, ಚಿಮಣಿಗೆ ಸುದ್ದಿಯೇ ಗೊತ್ತಿರುವುದಿಲ್ಲ!

ಟನ್ನಿನ ಲೆಕ್ಕ ಇದಕ್ಕಿಂತ ವಾಸಿ. ಅದರಲ್ಲೂ ಒಂದು ಗುಟ್ಟಿದೆ. ಸುಮ್ನೆ ಲೆಕ್ಕಕ್ಕೆ: ಹೋದ ವರ್ಷ 30 ಲಕ್ಷ ಟನ್ ಸಿಮೆಂಟ್, ಟನ್ನಿಗೆ 0.65 ಟನ್ ಕಾರ್ಬನ್ ಡೈಆಕ್ಸೈಡ್. ಒಟ್ಟು 19.5 ಲಕ್ಷ. ಈ ವರ್ಷ 36 ಲಕ್ಷ ಟನ್, ಟನ್ನಿಗೆ 0.60. ಒಟ್ಟು 21.6 ಲಕ್ಷ. ಟನ್ನಿನ ಲೆಕ್ಕದಲ್ಲಿ ಸುಮಾರು 8% ಇಳಿಕೆ, ಒಟ್ಟಿನಲ್ಲಿ ಸುಮಾರು 11% ಏರಿಕೆ. ಎರಡೂ ನಿಜ. ದಪ್ಪ ಅಕ್ಷರದಲ್ಲಿ ಯಾವುದು ಅಚ್ಚಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಇನ್ನೊಂದು, ನಾನೇ ಬೇಸ್ತು ಬಿದ್ದದ್ದು. ಒಂದು ಘಟಕದಲ್ಲಿ ಕಾರ್ಬನ್ ಲೆಕ್ಕ ನೋಡಿ ಬೆರಗಾದೆ, ಅಷ್ಟು ಕಡಿಮೆ. ಮ್ಯಾನೇಜರ್ ಕೂಡ ಹೆಮ್ಮೆಯಿಂದ ಟೀ ತರಿಸಿದರು. ಟೀ ಕುಡಿದು ಹೊರಗೆ ಬಂದರೆ ಕಿಲ್ನ್ ಎಲ್ಲೂ ಕಾಣಿಸಲಿಲ್ಲ. ಅದು ಬರೀ ಗ್ರೈಂಡಿಂಗ್ ಯೂನಿಟ್, ಕ್ಲಿಂಕರ್ ಅರೆಯುವುದಷ್ಟೇ ಕೆಲಸ. ಕ್ಲಿಂಕರ್ ಬೇರೆ ಕಂಪನಿಯಿಂದ ರೈಲಿನಲ್ಲಿ ಬರುತ್ತಿತ್ತು. ಕಲ್ಲು ಸುಟ್ಟ ಲೆಕ್ಕವೆಲ್ಲ ಆ ಕಂಪನಿಯ ಸ್ಕೋಪ್ 1ರಲ್ಲಿ, ಅಂದರೆ ತನ್ನದೇ ಚಿಮಣಿಯ ಲೆಕ್ಕದಲ್ಲಿ. ಇವರಿಗೆ ಅದು ಸ್ಕೋಪ್ 3, ಅಂದರೆ ಕೊಂಡ ಸರಕಿನ ಹಿಂದಿನ ಕಾರ್ಬನ್. ಬಿಆರ್‌ಎಸ್‌ಆರ್‌ನಲ್ಲಿ ಸ್ಕೋಪ್ 1, ಸ್ಕೋಪ್ 2 (ಕೊಂಡ ಕರೆಂಟಿನ ಕಾರ್ಬನ್) ಕೊಡಲೇಬೇಕು. ಸ್ಕೋಪ್ 3 ಇಷ್ಟವಿದ್ದರೆ ಕೊಡಬಹುದು. ಇವರು ಕೊಟ್ಟಿರಲಿಲ್ಲ.

ಹಾಗಾಗಿ ನಿಮ್ಮ ಕಂಪನಿ ಕ್ಲಿಂಕರ್ ತಾನೇ ಸುಡುತ್ತದಾ, ಕೊಳ್ಳುತ್ತದಾ ಅಂತ ವಾರ್ಷಿಕ ವರದಿಯ ಕಚ್ಚಾವಸ್ತು ಖರ್ಚಿನಲ್ಲಿ ನೋಡಿ. ಹೋದ ವರ್ಷಕ್ಕಿಂತ ಕೊಂಡದ್ದು ಜಾಸ್ತಿಯಾಗಿದ್ದರೆ ಆ 8% ಎಲ್ಲಿಂದ ಬಂದಿರಬಹುದು ಅಂತ ನಿಮಗೇ ಹೊಳೆಯುತ್ತದೆ.