ಒಂಬತ್ತು ದಿನ ಗೋಡೆಗೊರಗಿದ ಏಣಿ: ಸಂಪಾದಕರ ಉತ್ತರ

ಪ್ರಿಯ ಓದುಗರೇ,

ನಿಮ್ಮ ಕಾದಂಬರಿಯ ಕರಡನ್ನೂ ಜೊತೆಗಿಟ್ಟ ಪತ್ರವನ್ನೂ ಓದಿದೆ. ಊರಾಚೆಯ ಹೊಸ ಬಡಾವಣೆ, ಒಂದೇ ಅಚ್ಚಿನ ಏಳು ಮನೆ, ಅವುಗಳೊಳಗೆ ಹನ್ನೊಂದು ಗುಟ್ಟು. 24ನೇ ಅಧ್ಯಾಯದ ಔತಣಕೂಟದಲ್ಲಿ ಎಲ್ಲವೂ ಒಟ್ಟಿಗೇ ರಟ್ಟು. ಓದಿದ ಗೆಳೆಯರು "ಧಾರಾವಾಹಿ ಥರ ಇದೆ, ನಗುವೇ ಬರಲಿಲ್ಲ" ಅಂದರಂತೆ. ವಿಡಂಬನೆ ಎಲ್ಲಿ ಕೈಕೊಟ್ಟಿತು ಎಂದು ಕೇಳಿದ್ದೀರಿ. ಪ್ರಣಯದ ದೃಶ್ಯಗಳನ್ನು ಇಡಲೋ ತೆಗೆಯಲೋ ಎಂಬುದು ಎರಡನೇ ಪ್ರಶ್ನೆ.

ನಿಮ್ಮ ಕರಡು ಬಯಕೆಯನ್ನೇ ಗೇಲಿ ಮಾಡುತ್ತಿದೆ. ಮೂರನೇ ಮನೆಯಾಕೆ ನಾಲ್ಕನೇ ಮನೆಯಾತನನ್ನು ಇಷ್ಟಪಟ್ಟಳು ಎಂಬುದಕ್ಕೇ ನಿರೂಪಕ ನಗುತ್ತಾನೆ. ಅಲ್ಲಿ ನಗುವಂಥದ್ದೇನೂ ಇಲ್ಲ, ಅದು ಅವಳ ಜೀವದ ಸಂಕಟ. ನಗು ಇರುವುದು ಆ ಸಂಕಟವನ್ನು ಮುಚ್ಚಲು ಅವಳು ಪಡುವ ಪಾಡಿನಲ್ಲಿ. ಅದಕ್ಕಿಂತ ಹೆಚ್ಚಾಗಿ, ಕಂಡದ್ದನ್ನು ಕಂಡಿಲ್ಲ ಎನ್ನಲು ಇಡೀ ಬೀದಿ ಪಡುವ ಪಾಡಿನಲ್ಲಿ. "ಸಂಸಾರ ಗುಟ್ಟು, ವ್ಯಾಧಿ ರಟ್ಟು" ಎಂಬ ಗಾದೆಯ ಮೊದಲರ್ಧವನ್ನು ಏಳು ಮನೆಯವರೂ ಶಿರಸಾವಹಿಸಿ ಪಾಲಿಸುತ್ತಿರುವಾಗ ಪಕ್ಕದ ಮನೆಯ ಗೋಡೆ ಹತ್ತೇ ಅಡಿ ದೂರದಲ್ಲಿರುತ್ತದೆ. ನಿಮ್ಮ ವಸ್ತು ಇರುವುದು ಆ ಹತ್ತು ಅಡಿಯಲ್ಲಿ.

ಒಂದು ಉದಾಹರಣೆ ನಿಮ್ಮಲ್ಲೇ ಇದೆ. ಆರನೇ ಅಧ್ಯಾಯದಲ್ಲಿ ಆಕೆ ಆತನಿಂದ ಏಣಿ ಎರವಲು ತರುತ್ತಾಳೆ. ಆ ಏಣಿ ಒಂದೇ ವಾಕ್ಯದಲ್ಲಿ ಬಂದು ಹೋಗುತ್ತದೆ, ಮುಂದಿನ ವಾಕ್ಯ "ಅವಳಿಗೆ ಅವನ ಮೇಲೆ ಆಸೆ ಹುಟ್ಟಿತು" ಎನ್ನುತ್ತದೆ. ಈ ಎರಡನೇ ವಾಕ್ಯ ಹೊಡೆದುಹಾಕಿ, ಏಣಿಯನ್ನು ಉಳಿಸಿಕೊಂಡು ಹೀಗೆ ಬೆಳೆಸಿ ನೋಡಿ. ಬಲ್ಬು ಹಾಕುವ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು. ಏಣಿ ಮಾತ್ರ ಒಂಬತ್ತು ದಿನ ಆತನ ಅಡುಗೆಮನೆ ಕಿಟಕಿಗೆ ಕಾಣುವ ಹಾಗೆ ಗೋಡೆಗೊರಗಿ ನಿಂತಿದೆ. ಐದನೇ ದಿನ ಗಂಡ "ಒಂದು ಕೊಂಡುಬಿಡೋಣ" ಎಂದು ಹೊಸ ಏಣಿಯನ್ನೇ ತರುತ್ತಾನೆ. ಅದು ಸುತ್ತಿದ ಪ್ಲಾಸ್ಟಿಕ್ ಕೂಡ ಬಿಚ್ಚದೆ ಸಾಮಾನಿನ ಕೋಣೆ ಸೇರುತ್ತದೆ. ಏಳನೇ ದಿನ ನಿವಾಸಿಗಳ ಸಂಘದ ಸಭೆಯಲ್ಲಿ "ಏಣಿಗಳನ್ನು ಹೊರಗೋಡೆಗೆ ಒರಗಿಸಿ ಇಡತಕ್ಕದ್ದಲ್ಲ" ಎಂಬ ಠರಾವು ಸರ್ವಾನುಮತದಿಂದ ಪಾಸಾಗುತ್ತದೆ. ಆಕೆಯೂ ಕೈ ಎತ್ತುತ್ತಾಳೆ. ಸಭೆಯಲ್ಲಿ ಎಲ್ಲರಿಗೂ ವಿಷಯ ಗೊತ್ತು, ಯಾರ ಬಾಯಲ್ಲೂ ಏಣಿಯ ಹೊರತು ಮಾತಿಲ್ಲ. ಈಗ ಓದುಗ ಸಂಘವನ್ನು ನೋಡಿ ನಗುತ್ತಾನೆ, ಎತ್ತಿದ ಆ ಕೈಯನ್ನು ನೋಡಿ ಅವನ ಎದೆ ಹಿಂಡುತ್ತದೆ. ಎರಡೂ ಒಂದೇ ಕ್ಷಣದಲ್ಲಿ ಆಗಬೇಕು.

ಠರಾವಿನ ಭಾಷೆ ಗಮನಿಸಿ. ಸೂಚನಾಫಲಕ, ನಡಾವಳಿ, ವಂತಿಗೆ ಪುಸ್ತಕ ಇವೆಲ್ಲ ಬಡಾವಣೆಯ ಕಾದಂಬರಿಗೆ ಬಂಗಾರದ ಗಣಿ. ಅವು ತಮ್ಮ ಪಾಡಿಗೆ ಒಣ ಕಚೇರಿ ಭಾಷೆಯಲ್ಲೇ ಇರಲಿ, ನಿರೂಪಕ ಒಂದು ಹುಬ್ಬನ್ನೂ ಹಾರಿಸಬಾರದು. ಕರಡಿನಲ್ಲಿ "ಕಪಟಿ", "ಸೋಗಲಾಡಿ", "ಬೂಟಾಟಿಕೆಯ" ಎಂಬ ವಿಶೇಷಣಗಳು ಪುಟಕ್ಕೊಂದರಂತೆ ಬರುತ್ತವೆ. ಹುಡುಕಿ ಎಲ್ಲವನ್ನೂ ತೆಗೆಯಿರಿ. ತೀರ್ಪು ಮೊದಲೇ ಬಂದುಬಿಟ್ಟರೆ ಓದುಗನಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ.

ನಿಯಮಗಳನ್ನು ಕಲ್ಪಿಸಿಕೊಳ್ಳಲು ಚರಿತ್ರೆಯೂ ನೆರವಾಗುತ್ತದೆ. ವಿಲಿಯಂ ಲೆವಿಟ್ ಅವರ ಕಂಪನಿ 1947ರಲ್ಲಿ ಅಮೆರಿಕದ ಲಾಂಗ್ ಐಲೆಂಡ್‌ನ ಆಲೂಗಡ್ಡೆ ಹೊಲಗಳಲ್ಲಿ ಕಟ್ಟತೊಡಗಿದ ಲೆವಿಟ್‌ಟೌನ್‌ನಲ್ಲಿ 1951ರ ಹೊತ್ತಿಗೆ 17,000ಕ್ಕೂ ಹೆಚ್ಚು ಮನೆಗಳಿದ್ದವು. ಮೊದಲ ಮಾದರಿಯ ಮನೆಗಳು ಸುಮಾರು 750 ಚದರ ಅಡಿಯವು. ಬೇಲಿ ಹಾಕುವಂತಿಲ್ಲ, ಹುಲ್ಲನ್ನು ವಾರಕ್ಕೊಮ್ಮೆ ಕತ್ತರಿಸಬೇಕು, ವಾರಾಂತ್ಯದಲ್ಲಿ ಹೊರಗೆ ಬಟ್ಟೆ ಒಣಗಿಸಬಾರದು. ಆರಂಭದ ಕರಾರಿನಲ್ಲಿ ಇನ್ನೂ ಒಂದು ಷರತ್ತಿತ್ತು: ಬಿಳಿಯರಲ್ಲದವರು ಅಲ್ಲಿ ವಾಸಿಸುವಂತಿಲ್ಲ, ಮನೆಗೆಲಸದವರ ಹೊರತು. ಆ "ಹೊರತು" ಎಂಬ ಪದ ಒಂದು ಸಮಾಜದ ಬಟ್ಟೆಯನ್ನೇ ಬಿಚ್ಚಿಬಿಡುತ್ತದೆ. ನಿಮ್ಮ ಬೀದಿಗೂ ಇಂಥ ಏಳೆಂಟು ನಿಯಮ ಬರೆದುಕೊಳ್ಳಿ, ಪ್ರತಿಯೊಂದರಲ್ಲೂ ಯಾರಿಗಾಗಿ ವಿನಾಯಿತಿ ಇಟ್ಟಿದ್ದಾರೆ ಎಂಬುದನ್ನೂ ಬರೆಯಿರಿ. ಕಥೆಯ ಅರ್ಧ ಭಾಗ ಆ ವಿನಾಯಿತಿಗಳಿಂದಲೇ ಹುಟ್ಟುತ್ತದೆ.

ಇನ್ನು ರಿಪೇರಿ. ಸುಮಾರು 60,000 ಪದಗಳ ಕರಡಿನಲ್ಲಿ ಹನ್ನೊಂದು ಜನರ ಕಣ್ಣಿಂದ ಕಥೆ ಹೇಳಿದ್ದೀರಿ. ತಲೆಗೆ ಐದೂವರೆ ಸಾವಿರ ಪದವೂ ಸಿಗುವುದಿಲ್ಲ, ಅಷ್ಟರಲ್ಲಿ ಯಾರ ಮೇಲೂ ಮಮತೆ ಹುಟ್ಟದು. ನನ್ನ ಮಟ್ಟಿಗೆ ಮೂರು ಕಣ್ಣು ಸಾಕು: ಏಣಿ ತಂದವಳು, ಸಂಘದ ಕಾರ್ಯದರ್ಶಿ, ಮತ್ತು ನೀವು ಎರಡೇ ಪುಟಕ್ಕೆ ತಂದು ಮರೆತುಬಿಟ್ಟ ಐದನೇ ಮನೆಯ ಹದಿನಾರರ ಹುಡುಗಿ. ಉಳಿದವರೆಲ್ಲ ಬೀದಿಯ ದನಿಯಾಗಿ ಕೇಳಿಬರಲಿ.

ನಂತರ ಒಂದು ದೊಡ್ಡ ಹಾಳೆಯಲ್ಲಿ ಕೋಷ್ಟಕ ಹಾಕಿ. ಅಡ್ಡಸಾಲಿಗೊಂದು ಗುಟ್ಟು, ಕಂಬಸಾಲಿಗೊಬ್ಬ ಪಾತ್ರ, ಕಡೆಯ ಕಂಬಸಾಲು ಓದುಗನಿಗೆ. ಪ್ರತಿ ಚೌಕದಲ್ಲಿ ಆ ವ್ಯಕ್ತಿಗೆ ಆ ಗುಟ್ಟು ಎಷ್ಟನೇ ಅಧ್ಯಾಯದಲ್ಲಿ ಗೊತ್ತಾಯಿತು, ಹೇಗೆ ಗೊತ್ತಾಯಿತು ಎಂದು ಬರೆಯಿರಿ: ಕಂಡದ್ದೋ, ಕೇಳಿದ್ದೋ, ಊಹಿಸಿದ್ದೋ. ಊಹಿಸಿದವರಲ್ಲಿ ಒಬ್ಬಿಬ್ಬರ ಊಹೆ ತಪ್ಪಾಗಿರಲಿ, ತಪ್ಪು ತಿಳಿದವನು ಸರಿ ತಿಳಿದವನಿಗಿಂತ ಹೆಚ್ಚು ಅನಾಹುತ ಮಾಡುತ್ತಾನೆ. ಕೋಷ್ಟಕ ತುಂಬಿದಾಗ ನಿಮ್ಮ ಕರಡಿನ ಎರಡು ದೋಷ ತಾವಾಗಿಯೇ ಕಾಣುತ್ತವೆ. ಒಂದು, ಕಾರ್ಯದರ್ಶಿ 9ನೇ ಅಧ್ಯಾಯದಲ್ಲಿ ಅಣಕಿಸುವ ಸಾಲದ ವಿಷಯ ಅವನಿಗೆ ತಿಳಿಯುವುದು 13ರಲ್ಲಿ. ಅಧ್ಯಾಯಗಳನ್ನು ಹಿಂದುಮುಂದು ಮಾಡಿದಾಗ ಆಗುವ ಎಡವಟ್ಟು ಇದು. ಎರಡು, ಓದುಗನ ಕಂಬಸಾಲಿನಲ್ಲಿ ಬಹುತೇಕ 24 ಎಂದೇ ಇದೆ. ಎಲ್ಲರಿಗಿಂತ ಕೊನೆಗೆ ಓದುಗನಿಗೆ ತಿಳಿದರೆ ಅದು ಪತ್ತೇದಾರಿ ಕಾದಂಬರಿ. ವಿಡಂಬನೆಯಲ್ಲಿ ಅವನಿಗೆ ಮೊದಲೇ ಗೊತ್ತಿರಬೇಕು. ಗೊತ್ತಿದ್ದವನಿಗೆ ಮಾತ್ರ ಏಣಿಯ ಠರಾವಿಗೆ ನಗು ಬರುವುದು.

ಬೀದಿಯ ನಕ್ಷೆಯೂ ಬೇಕು, ಯಾವ ಕಿಟಕಿಗೆ ಏನು ಕಾಣುತ್ತದೆ ಎಂಬ ಗುರುತಿನ ಸಮೇತ. 11ನೇ ಅಧ್ಯಾಯದಲ್ಲಿ ಆಕೆ ರಾತ್ರಿ ದೀಪ ಉರಿಯುವ ಕೋಣೆಯಲ್ಲಿ ನಿಂತು ಮುಚ್ಚಿದ ಗಾಜಿನಾಚೆ ಕತ್ತಲ ಹಿತ್ತಲಲ್ಲಿ ಕೂತ ಆತನನ್ನು ನೋಡುತ್ತಾಳೆ. ಅದು ಆಗದು. ಒಳಗೆ ಬೆಳಕು, ಹೊರಗೆ ಕತ್ತಲು ಇದ್ದಾಗ ಗಾಜು ಕನ್ನಡಿಯಾಗುತ್ತದೆ, ಅವಳಿಗೆ ಕಾಣುವುದು ಅವಳದೇ ಮುಖ. ಹೊರಗಿರುವವನಿಗೆ ಮಾತ್ರ ಅವಳು ಸ್ಪಷ್ಟವಾಗಿ ಕಾಣುತ್ತಾಳೆ. ಅವನನ್ನು ನೋಡಬೇಕೆಂದರೆ ದೀಪ ಆರಿಸಬೇಕು, ಆರಿಸಿದ್ದು ಬೀದಿಗೆ ಕಾಣುತ್ತದೆ. ಈ ತಪ್ಪನ್ನು ತಿದ್ದುವಾಗಲೇ ನಿಮಗೊಂದು ಒಳ್ಳೆಯ ದೃಶ್ಯ ಸಿಕ್ಕಂತಾಯಿತು: ಸ್ವಿಚ್ಚಿನ ಮೇಲೆ ಬೆರಳು, ಗಾಜಿನಲ್ಲಿ ತನ್ನ ಮುಖ, ಆರಿಸಲೋ ಬೇಡವೋ.

ಪ್ರಣಯದ ದೃಶ್ಯಗಳಿಗೆ ಹೆದರಬೇಡಿ. ದೃಶ್ಯ ಮುಗಿದಾಗ ಇಬ್ಬರಲ್ಲಿ ಒಬ್ಬರ ಸ್ಥಿತಿಯಾದರೂ ಬದಲಾಗಿದ್ದರೆ ಇಡಿ. ಐದರಲ್ಲಿ ಎರಡು ಹಾಗಿವೆ. ಉಳಿದ ಮೂರರಲ್ಲಿ ಬದಲಾಗುವುದು ಮಂಚದ ಚಾದರ ಮಾತ್ರ.

24ನೇ ಅಧ್ಯಾಯವನ್ನು ಬಿಚ್ಚಿ ಕಟ್ಟಲೇಬೇಕು. 14 ಪುಟದಲ್ಲಿ ಹನ್ನೊಂದು ಗುಟ್ಟು ಸಿಡಿದರೆ ಯಾವುದರ ಪೆಟ್ಟೂ ಯಾರಿಗೂ ತಾಗದು. ಒಬ್ಬರ ಕೂಗಾಟದಲ್ಲಿ ಇನ್ನೊಬ್ಬರ ಅಳು ಮುಳುಗುತ್ತದೆ. ನಿಜಕ್ಕೂ ಗುಟ್ಟುಗಳು ಉಳಿಯುವುದೇ ಪ್ರತಿಯೊಬ್ಬರ ಕೈಯಲ್ಲೂ ಇನ್ನೊಬ್ಬರ ಗುಟ್ಟು ಇರುವುದರಿಂದ. ಹಾಗಾಗಿ ಔತಣದಲ್ಲಿ ಒಂದೇ ಒಂದು ಹೊರಬರಲಿ, ಅದೂ ತೀರ ಚಿಕ್ಕದು. ವಂತಿಗೆ ಪುಸ್ತಕದ ಗೋಲ್‌ಮಾಲ್ ಆದೀತು. ಅದರ ಮೇಲೆ ಎಲ್ಲರೂ ತಮ್ಮ ತಮ್ಮ ದೊಡ್ಡ ಗುಟ್ಟಿನ ಸಿಟ್ಟನ್ನೆಲ್ಲ ಸುರಿಯಲಿ.

ಪಾತ್ರಗಳು ನಿಜವಾದ ನೆರೆಯವರಿಂದ ಬಂದಿದ್ದರೆ ಹೆಸರು ಬದಲಿಸಿದರಷ್ಟೇ ಸಾಲದು. ಉದ್ಯೋಗ, ಮಕ್ಕಳ ಸಂಖ್ಯೆ, ಕಾಯಿಲೆ, ಮಾತಿನ ಚಾಳಿ ಎಲ್ಲವನ್ನೂ ಬದಲಿಸಿ, ಇಬ್ಬರನ್ನು ಬೆಸೆದು ಒಬ್ಬರಾಗಿಸಿ. ಮಾನಹಾನಿಯ ದಾವೆ ಒತ್ತಟ್ಟಿಗಿರಲಿ, ನಂಬಿ ಮಾತಾಡಿದವರ ಬದುಕನ್ನು ಗುರುತು ಸಿಗುವಂತೆ ಅಚ್ಚು ಹಾಕಬಾರದು.

ಮೊದಲು ಕೋಷ್ಟಕ, ಆಮೇಲೆ ನಕ್ಷೆ, ಆಮೇಲೆ ಆರನೇ ಅಧ್ಯಾಯ. ಏಣಿ ಹತ್ತನೇ ದಿನ ವಾಪಸು ಹೋಗುವ ದೃಶ್ಯ ಬರೆದಾದ ಮೇಲೆ ಅದೊಂದು ಅಧ್ಯಾಯವನ್ನು ನನಗೆ ಕಳಿಸಿ. ಯಾರು ಹೊತ್ತು ಒಯ್ದರು, ಆಕೆಯೋ ಆಕೆಯ ಗಂಡನೋ, ಎಂಬುದನ್ನು ಓದಲು ಕಾಯುತ್ತಿರುತ್ತೇನೆ.

ಸಂಪಾದಕ