ಜರ್ಮನಿಗೆ ಓದಕ್ಕೆ ಬಂದ್ರೆ ಪ್ರಪಂಚ ಗೊತ್ತಾಗುತ್ತಾ ಅಂತ ಕೇಳಿದ ತಂಗಿಗೆ

ಹಾಸನದಿಂದ ಬರೆದಿದೀಯ, ಸ್ಟುಟ್‌ಗಾರ್ಟಲ್ಲಿ ಮಾಸ್ಟರ್ಸ್ ಸೀಟು ಸಿಕ್ಕಿದೆ ಅಂದ್ಯಲ್ಲ, ತುಂಬಾ ಖುಷಿ ಆಯ್ತು. "ಅಕ್ಕ, ಹೊರಗಡೆ ಓದಿದ್ರೆ ಪ್ರಪಂಚ ಗೊತ್ತಾಗುತ್ತೆ ಅಂತಾರಲ್ಲ ನಿಜಾನಾ, ಇಲ್ಲ ಬರೀ ಡಿಗ್ರಿ, ಕೆಲಸ ಅಷ್ಟೇನಾ" ಅಂತ ಕೇಳಿದೀಯ. ನಾನು 2014ರಲ್ಲಿ ಇದೇ ಊರಿಗೆ ಓದಕ್ಕೆ ಬಂದೋಳು, ಈಗ ಕೆಲಸ, ಮನೆ, ಮಗು ಎಲ್ಲಾ ಇಲ್ಲೇ. ವಿಮಾನ ಇಳಿದ ಮಾತ್ರಕ್ಕೆ ಏನೂ ಆಗಲ್ಲ ಕಣಮ್ಮ. ಮೊದಲ ಆರು ತಿಂಗಳು ನಮ್ಮವರ ಜೊತೆಗೇ ರೂಮ್ ಮಾಡ್ಕೊಂಡಿದ್ದೆ, ಅನ್ನ ಸಾರು, ಕ್ರಿಕೆಟ್ಟು, ಊರಿನ ಸುದ್ದಿ, ಬೆಂಗಳೂರಿನ ಪೀಜೀಲಿ ಇದ್ದ ಹಾಗೇ ಇತ್ತು.

ಆಮೇಲೆ ಸ್ಟೂಡೆಂಟ್ ಹಾಸ್ಟೆಲ್ಲಿಗೆ ಹೋದೆ, ಅಲ್ಲಿ ಮಹಡಿಗೆಲ್ಲ ಒಂದೇ ಅಡುಗೆಮನೆ. ಸಿರಿಯಾದ ಅಲೆಪ್ಪೋದ ಹುಡುಗಿ ಒಬ್ಬಳಿದ್ಲು, ಅವಳೂ ನಮ್ಮ ಥರಾನೇ ಬೇಳೆ ಬೇಯಿಸಿ ಜೀರಿಗೆ ಹಾಕಿ ನಿಂಬೆಹಣ್ಣು ಹಿಂಡ್ತಿದ್ಲು. 2015ರಲ್ಲಿ ಅವಳ ದೇಶದವರು ಯುದ್ಧ ತಪ್ಪಿಸ್ಕೊಂಡು ಲಕ್ಷಗಟ್ಟಲೆ ಜರ್ಮನಿಗೆ ಬಂದಾಗ ನನಗದು ಟೀವಿ ಸುದ್ದಿ, ಅವಳಿಗೆ ಚಿಕ್ಕಪ್ಪ ಯಾಕೆ ಮೂರು ದಿನದಿಂದ ಫೋನ್ ಎತ್ತಿಲ್ಲ ಅನ್ನೋ ಸಂಕಟ, ರಾತ್ರಿಯೆಲ್ಲ ಆ ಒಲೆ ಪಕ್ಕ ಕೂತಿರೋಳು, ನಾನು ಟೀ ಮಾಡಿಕೊಟ್ಟು ಸುಮ್ಮನೆ ಜೊತೇಲಿ ಕೂರ್ತಿದ್ದೆ. ಆಮೇಲಿಂದ ಯಾವ ದೇಶದ ಯುದ್ಧದ ಸುದ್ದಿ ಬಂದ್ರೂ ಚಾನಲ್ ಬದಲಾಯಿಸಕ್ಕೆ ಕೈ ಬರಲ್ಲ ನಂಗೆ.

ಅವಳೇ ಒಂದಿನ ನಿಮ್ಮ ಕನ್ನಡದ ಬಗ್ಗೆ ಹೇಳು ಅಂದ್ಲು, ಎರಡು ವಾಕ್ಯ ಆದ್ಮೇಲೆ ನನ್ನ ಹತ್ರ ಏನೂ ಇರ್ಲಿಲ್ಲ, ತುಂಬಾ ನಾಚಿಕೆ ಆಯ್ತು. ಆಮೇಲೆ ಓದ್ದೆ, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಶುರುಮಾಡಿದ ಪಾದ್ರಿ ಮೋಗ್ಲಿಂಗ್ ಇದೇ ಸೀಮೆಯೋರು, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಕಿಟ್ಟೆಲ್ ತೀರಿಕೊಂಡಿದ್ದು ಇಲ್ಲಿಂದ ರೈಲಲ್ಲಿ ಗಂಟೆ ದೂರದ ಟ್ಯೂಬಿಂಗನ್‌ನಲ್ಲಿ.

ಇನ್ನೊಂದು, ಬಂದಾಗ ಫುಟ್‌ಪಾತ್ ನೋಡ್ಕೊಂಡು ನಡಿ. ಅಲ್ಲಲ್ಲಿ ಅಂಗೈ ಅಗಲದ ಹಿತ್ತಾಳೆ ತಗಡಿನ ಕಲ್ಲು ಹುದುಗಿಸಿರ್ತಾರೆ, ಸ್ಟೋಲ್ಪರ್‌ಸ್ಟೈನ್ ಅಂತಾರೆ. ಹಿಟ್ಲರನ ನಾಜಿಗಳು ಎಳ್ಕೊಂಡು ಹೋದವರು ಕೊನೇಲಿ ವಾಸ ಇದ್ದ ಮನೆ ಮುಂದೆ ಅವರ ಹೆಸರು, ಹುಟ್ಟಿದ ವರ್ಷ, ಎಲ್ಲಿ ಕೊಂದ್ರು ಅಂತ ಕೆತ್ತಿರ್ತಾರೆ. ಗುಂಟರ್ ಡೆಮ್ನಿಗ್ ಅನ್ನೋ ಕಲಾವಿದ 1992ರಲ್ಲಿ ಶುರುಮಾಡಿದ್ದು, ಈಗ ಯೂರೋಪಲ್ಲಿ ಲಕ್ಷಕ್ಕೂ ಮೇಲಿವೆ. ತಮ್ಮ ಅಜ್ಜಂದಿರ ಕಾಲದ ತಪ್ಪನ್ನ ಮನೆ ಬಾಗಿಲಲ್ಲೇ ಬರೆದಿಟ್ಟಿದಾರಲ್ಲ ಅಂತ ನಿಂತುಬಿಟ್ಟೆ. ಆ ಸಲ ರಜಕ್ಕೆ ಊರಿಗೆ ಹೋದಾಗ ನಮ್ಮ ಬಾವೀಲಿ ಯಾರ್ಯಾರು ನೀರು ಸೇದೋ ಹಾಗಿರ್ಲಿಲ್ಲ ಅಂತ ಅಜ್ಜೀನ ಮೊದಲನೇ ಸಲ ಕೇಳ್ದೆ. ಅಜ್ಜಿ ತುಂಬಾ ಹೊತ್ತು ಮಾತಾಡ್ಲಿಲ್ಲ, ಆಮೇಲೆ ಒಬ್ಬೊಬ್ಬರ ಹೆಸರೂ ಹೇಳಿದ್ರು.

ದುಡ್ಡಿನ ವಿಷಯ, ಅಪ್ಪಂಗೆ ಹೇಳು, ವೀಸಾಗೆ ಬ್ಲಾಕ್ಡ್ ಅಕೌಂಟಲ್ಲಿ, ಅಂದ್ರೆ ತಿಂಗಳಿಗಿಷ್ಟೇ ಅಂತ ತೆಗೆಯಕ್ಕೆ ಬಿಡೋ ಬ್ಯಾಂಕ್ ಖಾತೇಲಿ, ವರ್ಷಕ್ಕೆ 11,904 ಯೂರೋ ತೋರಿಸ್ಬೇಕು, 2024ರ ಸೆಪ್ಟೆಂಬರಿಂದ ಅಷ್ಟಾಗಿದೆ. ಸ್ಟುಟ್‌ಗಾರ್ಟ್ ಇರೋ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯೂರೋಪ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಫೀಸೂ ಇದೆ. ವರ್ಷಕ್ಕೆ 140 ಪೂರ್ತಿ ದಿನ ಪಾರ್ಟ್ ಟೈಮ್ ಮಾಡಬಹುದು, ಆದ್ರೆ ಜರ್ಮನ್ ಬರ್ದಿದ್ರೆ ಕೆಲಸಾನೂ ಕಷ್ಟ, ಸ್ನೇಹಾನೂ ಕಷ್ಟ, ಇವತ್ತಿಂದಾನೇ ಕಲಿ.

ಹಾಸ್ಟೆಲ್ಲಿಗೆ ಈಗ್ಲೇ ಅರ್ಜಿ ಹಾಕು, ವೇಟಿಂಗ್ ಲಿಸ್ಟ್ ಉದ್ದ ಇರುತ್ತೆ. ಬರುವಾಗ ಅಮ್ಮನ ಕೈಲಿ ಸಾರಿನ ಪುಡಿ ಜಾಸ್ತೀನೇ ಮಾಡಿಸ್ಕೊಂಡು ಬಾ, ಆ ಅಡುಗೆಮನೇಲಿ ಯಾರಿದ್ರೂ ಅವರಿಗೂ ಒಂದು ಲೋಟ ಸಾರು ಕೊಡು.